ಕಾಣದ್ದನ್ನು ಕಾಣದೆಂದು ಹೇಳಿಸಿದ ನಾಡಿ ಮೇಡಂ

ಯಂತ್ರಗಳ ಮೇಲೆ ನಿಗಾ ಇಡುವ ತಂತ್ರಾಂಶಗಳನ್ನು ಕಟ್ಟುವುದೊಂದು ಶಾಸ್ತ್ರವೇ ಸರಿ ಎಂದು ಬಲ್ಲವರು ಹೇಳುತ್ತಾರೆ. ಆ ಶಾಸ್ತ್ರವನ್ನು ಪಾಠಶಾಲೆಯ ಕರಿಹಲಗೆಯಿಂದ ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದವರಲ್ಲಿ ನಮ್ಮ ಆಸ್ಪತ್ರೆಯ ಗಣಕ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ ಹಿರಿಯ ಎಂಜಿನಿಯರರು ಅಗ್ರಗಣ್ಯರು. ಅವರ ವಿದ್ವತ್ತಿನ ಬಗ್ಗೆ ಈ ಸಂಪುಟದಲ್ಲಿ ಅವರ ಶಿಷ್ಯರೂ ಸಮಾನರೂ ಬರೆದಿದ್ದಾರೆ. ತೀವ್ರ ನಿಗಾ ಘಟಕದಲ್ಲಿ ಆಯುಷ್ಯದ ಬಹುಪಾಲನ್ನು ಕಳೆದ ನನ್ನಂಥ ದಾದಿಗೆ ಈ ಪಂಕ್ತಿಯಲ್ಲಿ ಎಲೆ ಏಕೆ ಹಾಕಿದರೆಂದು ಸಂಪಾದಕರನ್ನು ಕೇಳಿದಾಗ, ಅವರು, ನಿವೃತ್ತರಾಗುವವರೇ ಕೇಳಿಕೊಂಡ ಒಂದೇ ಒಂದು ಲೇಖನ ಇದು ಎಂದರು. ಆ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮೇಲಧಿಕಾರಿಗಳಿಂದ ಹಿಡಿದು ಲಿಫ್ಟ್ ನಡೆಸುವವರ ತನಕ ಎಲ್ಲರಿಗೂ ಅವರು ನಾಡಿ ಮೇಡಂ. ಈ ಹೆಸರು ಬಂದ ಬಗೆಯನ್ನು ಮೊದಲು ಹೇಳಬೇಕು.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಪ್ರತಿ ಹಾಸಿಗೆಯ ಪಕ್ಕದ ಯಂತ್ರ ಅಲ್ಲಿಯೇ ಕೂಗಿಕೊಳ್ಳುತ್ತಿತ್ತು, ನಾವು ಸದ್ದು ಬಂದ ದಿಕ್ಕಿಗೆ ಓಡುತ್ತಿದ್ದೆವು. ಆ ಎಲ್ಲ ಕೂಗುಗಳನ್ನು ನೆಲಮಾಳಿಗೆಯ ಸರ್ವರ್ ಮೂಲಕ ದಾದಿಯರ ಮೇಜಿನ ಪರದೆಗೆ ತರುವ ಏರ್ಪಾಡು ಆಗ ಹೊಸದಾಗಿ ಬರುತ್ತಿತ್ತು. ಆ ಸರ್ವರ್ ಸುಸ್ತಾಗಿದೆಯೋ ಸರಿಯಾಗಿದೆಯೋ ನೋಡಿ ಹೇಳುವ ತಂತ್ರಾಂಶ ಬರೆಯುವ ಹೊಣೆ ಮೇಡಂ ಅವರದು. ಅವರ ಕೋಣೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಒತ್ತಿಕೊಂಡೇ ಇತ್ತು. ಅಲ್ಲಿ ಹೋದರೆ ಹಬೆಯ ವಾಸನೆ, ಬಿಸಿ ಗೋಡೆ. ಆದರೆ ಅವರು ಆ ಕೋಣೆಯಲ್ಲಿ ಕೂತು ಬರೆಯಲಿಲ್ಲ. ಒಂದು ಬೆಳಿಗ್ಗೆ ನಮ್ಮ ಘಟಕಕ್ಕೆ ಬಂದು, ಚಪ್ಪಲಿ ಕಳಚಿ, ಒಳಗಿನ ಪಾದರಕ್ಷೆ ಹಾಕಿಕೊಂಡು, ನಾವು ಏನನ್ನು ಯಾವಾಗ ನೋಡುತ್ತೇವೆಂದು ತಿಳಿಯಬೇಕು ಎಂದರು. ಎರಡು ಪಾಳಿ ನಮ್ಮ ಹಿಂದೆಯೇ ನಿಂತಿದ್ದರು. ಮೂರನೆಯ ದಿನ ನಾಡಿ ಹಿಡಿಯುವುದನ್ನು ಕಲಿಸಿಕೊಡಿ ಎಂದು ನನ್ನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಹುಡುಕಿ ಹುಡುಕಿ, ಕೊನೆಗೊಮ್ಮೆ ಸಿಕ್ಕಾಗ, ಏನೋ ಪವಾಡ ಕಂಡವರಂತೆ ತುಟಿಯಲ್ಲೇ ಎಣಿಸತೊಡಗಿದರು. ತಂತ್ರಾಂಶಕ್ಕೆ 'ನಾಡಿ' ಎಂದೇ ಹೆಸರಿಟ್ಟರು. ಹೆಸರು ತಂತ್ರಾಂಶದಿಂದ ಅವರಿಗೇ ಅಂಟಿಕೊಂಡಿತು. ಅವರ ಅತ್ತೆಯವರು ಹೇಳುತ್ತಿದ್ದ ಮಾತೊಂದಿದೆ: "ನಮ್ಮ ಸೊಸೆ ಊರೋರ್ದೆಲ್ಲಾ ನಾಡಿ ಹಿಡೀತಾಳೆ, ಒಲೆ ಮೇಲಿನ ಹಾಲು ಉಕ್ಕಿದ್ದು ಮಾತ್ರ ಗೊತ್ತಾಗಲ್ಲ." ಇದು ಚಾಡಿಯಲ್ಲ, ಹೆಮ್ಮೆ. ಹಾಲು ಕಾಯಿಸುವ ಕೆಲಸವನ್ನು ಚಿತ್ರಕಲಾ ಶಿಕ್ಷಕರಾದ ಮೇಡಂ ಅವರ ಪತಿ ಎಂದೋ ವಹಿಸಿಕೊಂಡಿದ್ದರು.

ಅವರಿಂದ ನನಗಾದ ಒಂದು ಉಪಕಾರವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ವಯಸ್ಸು ನಲವತ್ತು ದಾಟಿದ ಮೇಲೆ ನನ್ನ ಕಣ್ಣು ಮಂಜಾಗತೊಡಗಿತು. ಪರದೆಯ ಸಣ್ಣ ಅಂಕಿಗಳು ಒಂದರೊಳಗೊಂದು ಕಲೆಯುತ್ತಿದ್ದವು. ಯಾರಿಗಾದರೂ ತಿಳಿದರೆ ಘಟಕದಿಂದ ಎತ್ತಿ ಹೊರರೋಗಿ ವಿಭಾಗಕ್ಕೆ ಹಾಕುತ್ತಾರೆಂಬ ಭಯದಿಂದ ನಾನು ಬಾಯಿ ಬಿಟ್ಟಿರಲಿಲ್ಲ. ಮೇಡಂ ಒಂದು ದಿನ ಮೇಜಿನ ಬಳಿ ನಿಂತು ನಾನು ಕತ್ತು ಮುಂದೆ ಚಾಚುವುದನ್ನು ನೋಡಿದರು. ಏನೂ ಕೇಳಲಿಲ್ಲ. ಮುಂದಿನ ವಾರ ಇಡೀ ಆಸ್ಪತ್ರೆಯ ಪರದೆಗಳಲ್ಲಿ ಅಕ್ಷರಗಳು ದೊಡ್ಡದಾದವು. 'ಎಲ್ಲರ ಅನುಕೂಲಕ್ಕಾಗಿ' ಎಂದು ಸುತ್ತೋಲೆಯಲ್ಲಿತ್ತು. ಅದರಿಂದಾಗಿ ಕಣ್ಣಿನ ಚಿಕಿತ್ಸೆಗೆ ನನಗೆ ಸಮಯ ಸಿಕ್ಕಿತು. ಆ ಸುತ್ತೋಲೆ ಯಾರೊಬ್ಬರಿಗಾಗಿ ಹೊರಟಿತೆಂದು ಅವರು ಇಂದಿಗೂ ಹೇಳಿಲ್ಲ, ನಾನೂ ಕೇಳಿಲ್ಲ.

ಹೀಗೆ ಹಲವು ವರ್ಷ ನಾಡಿ ನಮ್ಮನ್ನು ಕಾಯಿತು. ಸರ್ವರಿನಲ್ಲಿ ಕೂಗುಗಳು ಸಾಲುಗಟ್ಟಿ ನಿಂತು ತಡವಾಗತೊಡಗಿದರೆ ನಾಡಿಯ ಪರದೆ ಮೊದಲು ಹಳದಿಯಾಗುತ್ತಿತ್ತು, ಆಮೇಲೆ ಕೆಂಪು. ಕೆಂಪಾದರೆ ನಾವು ಪರದೆ ಬಿಟ್ಟು ಹಾಸಿಗೆಗಳ ಬಳಿಗೆ ಹೋಗುತ್ತಿದ್ದೆವು. ಹಸಿರಿದ್ದರೆ ನಿಶ್ಚಿಂತೆ. ಆ ಹಸಿರನ್ನು ನಾವು ಕಣ್ಣು ಮುಚ್ಚಿ ನಂಬಿದ್ದೆವು.

ಆಗ ಸರ್ವರುಗಳ ಭದ್ರತೆಯ ಹೊಣೆ ಹೊತ್ತಿದ್ದವರು ಮೇಡಂ ಅವರಿಗಿಂತ ಕಿರಿಯರಾದ ಒಬ್ಬ ಸಹೋದ್ಯೋಗಿ. ಪಾಸ್‌ವರ್ಡ್ ಬದಲಿಸಿ, ಪಾಸ್‌ವರ್ಡ್ ಬದಲಿಸಿ ಎಂದು ಎಲ್ಲರ ಬೆನ್ನು ಹತ್ತುತ್ತಿದ್ದರಿಂದ ದಾದಿಯರು ಅವರನ್ನು ಬೀಗದಣ್ಣ ಎನ್ನುತ್ತಿದ್ದರು. ಸರ್ವರಿನ ಹೃದಯದಂತಿರುವ ಕರ್ನಲ್ ಎಂಬ ಭಾಗದಲ್ಲಿ ಕಳ್ಳರು ನುಗ್ಗಬಹುದಾದ ಒಂದು ಬಿರುಕಿದೆಯೆಂದು ಅದನ್ನು ಬರೆಯುವ ಹೊರಗಿನ ತಜ್ಞರು ಸಾರಿದಾಗ, ಬೀಗದಣ್ಣ ನಿಯಮದಂತೆ ಅನುಮತಿ ಪಡೆದು, ಒಂದು ಭಾನುವಾರ ಹೊಸ ಕರ್ನಲ್ ಹಾಕಿದರು. ಎಲ್ಲವೂ ಮೊದಲಿನಂತೆಯೇ ನಡೆಯಿತು. ನಾಡಿಯೂ ಹಸಿರು ತೋರಿಸಿತು. ಯಾವ ದೂರೂ ಬರಲಿಲ್ಲ.

ಕೆಲವು ವಾರಗಳ ನಂತರ, ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಘಟಕದ ಕೊನೆಯ ಗಾಜಿನ ಕೋಣೆಯಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದರು. ಪ್ರಜ್ಞೆ ಬಂದ ಮೊದಲ ದಿನವೇ ತಮ್ಮ ತಲೆ ಯಾವ ದಿಕ್ಕಿಗಿದೆಯೆಂದು ಕೇಳಿದವರು. ಸೋಂಕಿನ ಭಯಕ್ಕೆ ಅವರ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಒಳಗಿನ ಸದ್ದು ಹೊರಗೆ ಕೇಳುತ್ತಿರಲಿಲ್ಲ. ಅವರ ಮಗಳು ವಕೀಲೆ. ಬೆಳಗಿನಿಂದ ಏನೂ ತಿನ್ನದೆ ಕೂತಿದ್ದ ಆಕೆಯನ್ನು, ನಮ್ಮ ಕಣ್ಣ ಮುಂದೇ ಪರದೆ ಇದೆ, ನೀವು ಊಟ ಮಾಡಿ ಬನ್ನಿ ಎಂದು ಪಾಳಿಯ ದಾದಿ ಒತ್ತಾಯಿಸಿ ಕಳಿಸಿದಳು.

ಮೇಷ್ಟ್ರ ಉಸಿರು ಕುಸಿದದ್ದು ಆಕೆ ಕೆಳಗೆ ಇಳಿದ ಮೇಲೆ. ಹಾಸಿಗೆಯ ಪಕ್ಕದ ಯಂತ್ರ ಕೂಗಿತು. ಆ ಕೂಗು ಸರ್ವರಿಗೂ ಹೋಯಿತು. ಅಲ್ಲಿ ಅದು ಸಾಲಿನಲ್ಲಿ ನಿಂತಿತು. ಎಂದಿನ ಸುತ್ತಿನಲ್ಲಿ ಹೊರಟಿದ್ದ ನಮ್ಮ ದಾದಿ ಗಾಜಿನಾಚೆ ಮೇಷ್ಟ್ರ ತುಟಿಯ ಬಣ್ಣ ನೋಡಿ ಒಳಗೆ ನುಗ್ಗಿದಳು. ವೈದ್ಯರು ಬಂದರು, ನಾನೂ ಓಡಿದೆ. ನಾವು ಆರು ಜನ ಆ ಹಾಸಿಗೆಯ ಸುತ್ತ ನಿಂತು ಅವರ ಎದೆಯನ್ನು ಒತ್ತುತ್ತಿದ್ದಾಗ, ಹಿಂದೆ, ಯಾರೂ ಇಲ್ಲದ ಮೇಜಿನ ಮೇಲೆ, ಅವರದೇ ಹಾಸಿಗೆಯ ಕೂಗು ಆಗ ತಲುಪಿ ಮೊಳಗತೊಡಗಿತು. ಆ ಸದ್ದನ್ನು ನಾನು ಸಾಯುವ ತನಕ ಮರೆಯಲಾರೆ.

ಮೇಷ್ಟ್ರು ಉಳಿಯಲಿಲ್ಲ. ಆ ಕೂಗು ಹೊತ್ತಿಗೆ ಸರಿಯಾಗಿ ಮುಟ್ಟಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಎಂಬುದನ್ನು ಶಸ್ತ್ರವೈದ್ಯರೂ ಖಚಿತವಾಗಿ ಹೇಳಲಿಲ್ಲ, ಇನ್ನು ಮುಂದೆ ಹೇಳುವವರೂ ಇಲ್ಲ.

ಮೇಡಂ ಸುದ್ದಿ ತಿಳಿದ ಕೂಡಲೇ ಮೇಲೆ ಬಂದರು. ಹಾಸಿಗೆಯ ಯಂತ್ರ ಕೂಗಿದ ಹೊತ್ತನ್ನೂ ಮೇಜಿಗೆ ಕೂಗು ತಲುಪಿದ ಹೊತ್ತನ್ನೂ ಹೋಲಿಸಿ ನೋಡಿದರು. ನಾಡಿಯ ಪರದೆ ನೋಡಿದರು. ಅದು ಹಸಿರಾಗಿಯೇ ಇತ್ತು. ತಡ ಸೊನ್ನೆ ಎನ್ನುತ್ತಿತ್ತು. ಕೆಳಗೆ ಹೋದವರು ಸಂಜೆಯಾಗುವ ಮೊದಲೇ ಮತ್ತೆ ಬಂದು ನನ್ನ ಎದುರು ನಿಂತರು.

"ಸಿಸ್ಟರ್, ನಾಡಿಗೆ ಏನೂ ಕಾಣಿಸ್ತಿಲ್ಲ."

"ಇವತ್ತಿನಿಂದಲಾ ಮೇಡಂ?"

"ಇಲ್ಲ. ಹೊಸ ಕರ್ನಲ್ ಹಾಕಿದಾಗಿನಿಂದ."

ಆದದ್ದೇನೆಂದು ಅವರು ನನಗೆ ಆ ದಿನ ವಿವರಿಸಿದ್ದನ್ನು, ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕರ್ನಲ್ ಒಂದು ದೊಡ್ಡ ಕಟ್ಟಡವೆಂದುಕೊಂಡರೆ ಅದಕ್ಕೆ ಎರಡು ಬಗೆಯ ಬಾಗಿಲುಗಳಿವೆ. ಹೊರಬಾಗಿಲುಗಳ ಸ್ಥಳವನ್ನು ಎಂದಿಗೂ ಬದಲಿಸುವುದಿಲ್ಲವೆಂದು ಕಟ್ಟಿದವರು ಜಗತ್ತಿಗೆ ಮಾತು ಕೊಟ್ಟಿದ್ದಾರೆ. ಒಳಬಾಗಿಲುಗಳ ಬಗ್ಗೆ ಅಂಥ ಮಾತೇನೂ ಇಲ್ಲ. ಅವು ಅವರ ಮನೆಯ ಒಳಗಿನ ವಿಚಾರ. ಕೂಗುಗಳು ಎಷ್ಟು ಹೊತ್ತು ಕಾಯುತ್ತವೆಂಬುದು ಹೊರಬಾಗಿಲಿನಿಂದ ಕಾಣುವಂತಿರಲಿಲ್ಲ. ಹಾಗಾಗಿ ಮೇಡಂ ನಾಡಿಯನ್ನು ಒಂದು ಒಳಬಾಗಿಲಿನಲ್ಲಿ ಕಾವಲಿಗೆ ಕೂರಿಸಿದ್ದರು. ಹೊಸ ಕರ್ನಲಿನಲ್ಲಿ ಕಟ್ಟಿದವರು ಒಳಗಿನ ದಾರಿಯನ್ನು ಚೊಕ್ಕಗೊಳಿಸಿದ್ದರು. ಹಳೆಯ ಬಾಗಿಲು ಅದೇ ಹೆಸರಿನಲ್ಲಿ ಅಲ್ಲಿಯೇ ಇತ್ತು, ಆದರೆ ಆ ದಾರಿಯಲ್ಲಿ ಈಗ ಯಾರೂ ಓಡಾಡುತ್ತಿರಲಿಲ್ಲ. ಕಾವಲುಗಾರ ನಿಷ್ಠೆಯಿಂದ ಕೂತು, ಯಾರೂ ಬರಲಿಲ್ಲ, ಯಾರೂ ಕಾಯುತ್ತಿಲ್ಲ ಎಂದು ವರದಿ ಒಪ್ಪಿಸುತ್ತಿದ್ದ. ಅದೇ ವೇಳೆಗೆ ಹಳೆಯ ಎಕ್ಸ್-ರೇ ಚಿತ್ರಗಳನ್ನೆಲ್ಲ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕೆಲಸ ಸರ್ವರಿನಲ್ಲಿ ನಡೆದಿತ್ತು. ಹೊಸ ದಾರಿಯಲ್ಲಿ ನೂಕುನುಗ್ಗಲು. ಕಾವಲು ಹಳೆಯ ಬಾಗಿಲಲ್ಲಿ.

ಮೇಡಂ ಮಾಡಿದ ಮೊದಲ ಕೆಲಸ, ಆಸ್ಪತ್ರೆಯ ಎಲ್ಲ ಘಟಕಗಳ ಪರದೆಯಿಂದ ಆ ಹಸಿರನ್ನು ಕಿತ್ತು ಹಾಕಿದ್ದು. ಎಕ್ಸ್-ರೇ ಸಾಗಣೆ ನಿಲ್ಲಿಸಿದ್ದು ಎರಡನೆಯದು. ಮನೆಗೆ ಹೋದದ್ದು ಆಮೇಲೆ.

ವಿಚಾರಣಾ ಸಮಿತಿ ಕೂತಿತು. ಘಟಕದ ಪರವಾಗಿ ನಾನೂ ಅಲ್ಲಿದ್ದೆ. ಉದ್ದ ಮೇಜು, ಬಾಗಿಲ ಬಳಿ ಬೀಗದಣ್ಣ, ಅವರ ಮುಖದಲ್ಲಿ ರಕ್ತವಿರಲಿಲ್ಲ. ಆಡಳಿತಾಧಿಕಾರಿಗಳ ಬಳಿ ಎರಡು ದಾರಿಗಳಿದ್ದವು, ಎರಡೂ ಸಲೀಸು. ಹೊಸ ಕರ್ನಲ್ ಹಾಕಿದ ಬೀಗದಣ್ಣನನ್ನು ಮನೆಗೆ ಕಳಿಸುವುದು ಒಂದು. ಹೊರಗಿನ ತಂತ್ರಾಂಶದವರ ಅನಿರೀಕ್ಷಿತ ಬದಲಾವಣೆ ಎಂದು ಬರೆದು ಕಡತ ಮುಚ್ಚುವುದು ಇನ್ನೊಂದು. ಮೊದಲನೆಯದಕ್ಕೆ ಮೇಡಂ, ಬಿರುಕನ್ನು ಮುಚ್ಚದಿದ್ದರೆ ಇಡೀ ಆಸ್ಪತ್ರೆ ಕಳ್ಳರ ಕೈಗೆ ಹೋಗುತ್ತಿತ್ತು, ಬೀಗದಣ್ಣ ಮಾಡಿದ್ದು ಅವರು ಮಾಡಲೇಬೇಕಾದ ಕೆಲಸ ಎಂದರು. ಎರಡನೆಯದಕ್ಕೆ ಹೇಳಿದ ಮಾತು ಹೀಗಿತ್ತು:

"ಕೊಡದೇ ಇದ್ದ ಮಾತನ್ನ ಮುರಿದರು ಅಂತ ಯಾರ ಮೇಲೆ ಹೇಳೋದು ಸಾರ್? ಆ ಬಾಗಿಲು ಇರುತ್ತೆ ಅಂತ ಅವರು ಯಾವತ್ತೂ ಹೇಳಿರಲಿಲ್ಲ. ಇರುತ್ತೆ ಅಂತ ಅಂದುಕೊಂಡವಳು ನಾನು."

"ಹಾಗಾದ್ರೆ ನಿಮ್ಮ ಹೆಸರು ಬರೀಬೇಕಾಗುತ್ತೆ," ಎಂದರು ಆಡಳಿತಾಧಿಕಾರಿಗಳು, ಸ್ವಲ್ಪ ಬೇಸರದಿಂದಲೇ.

"ಬರೀರಿ. ಜೊತೆಗೆ, ಕಾಣದೇ ಇರೋದನ್ನ ಸೊನ್ನೆ ಅಂತ ತೋರಿಸಿತು, ಅದೇ ದೋಷ, ಅಂತಾನೂ ಬರೀರಿ. ಇಲ್ಲದಿದ್ರೆ ಮುಂದೆ ಬರೋರು ಇದನ್ನೇ ಮತ್ತೆ ಮಾಡ್ತಾರೆ."

ಬೀಗದಣ್ಣ ಕೆಲಸದಲ್ಲಿ ಉಳಿದರು. ಇಂದು ಅವರೇ ಆ ವಿಭಾಗದ ಮುಖ್ಯಸ್ಥರು. ಈ ಸಂಪುಟದ ಪ್ರಕಟಣೆಗೆ ಓಡಾಡಿದವರೂ ಅವರೇ.

ವಿಚಾರಣೆ ಮುಗಿಯುವ ಮುನ್ನ ಮೃತರ ಮನೆಯವರೊಡನೆ ಯಾರೂ ಮಾತಾಡಕೂಡದೆಂದು ಆಡಳಿತದವರು ಎಚ್ಚರಿಸಿದ್ದರು. ಮುಗಿದ ಮರುದಿನ ಮೇಡಂ ನನ್ನನ್ನು ಜೊತೆಗೆ ಕರೆದುಕೊಂಡು ಮೇಷ್ಟ್ರ ಮನೆಗೆ ಹೋದರು. ಹೋಗಬೇಡಿ ಎಂದವರು ಆಗಲೂ ಇದ್ದರು. ಮಹಡಿಯ ಮೇಲಿನ ಸಣ್ಣ ಮನೆ. ಗೋಡೆಯ ಮೂಲೆಗೆ ಸುರುಳಿ ಸುತ್ತಿದ ನಕಾಶೆಗಳು ಒರಗಿದ್ದವು. ಮಗಳು ನಮ್ಮನ್ನು ಕೂರಿಸಿ, ನೀರು ತಂದಿಟ್ಟು, ಎದುರಿಗೆ ಕೂತಳು. ಮೇಡಂ ಹಸಿರು ಪರದೆಯ ಕಥೆಯನ್ನು ಒಂದನ್ನೂ ಬಿಡದೆ, ಒಂದನ್ನೂ ತಿರುಚದೆ ಹೇಳಿದರು. ಮುಗಿದ ಮೇಲೆ ಆಕೆ ಕೇಳಿದ ಮೊದಲ ಮಾತು:

"ನೀವು ಹೇಳಿದ್ದನ್ನ ನಾನು ಕೋರ್ಟಲ್ಲಿ ಹೇಳ್ತೀನಿ. ಗೊತ್ತಲ್ವಾ?"

"ಗೊತ್ತಮ್ಮ. ಅದಕ್ಕೇ ಸರಿಯಾಗಿ ಹೇಳ್ತಾ ಇದೀನಿ."

ಆಕೆ ಕಿಟಕಿಯ ಕಡೆ ತಿರುಗಿದಳು. ಆಮೇಲೆ, ನಮಗಲ್ಲ, ತನಗೇ ಹೇಳಿಕೊಂಡಂತೆ, "ಪರದೆ ಇದೆ ಅಂತಲೇ ನಾನು ಊಟಕ್ಕೆ ಹೋದೆ," ಎಂದಳು. ಮೇಡಂ ಎದ್ದು ಹೋಗಿ ಆಕೆಯ ಪಕ್ಕದಲ್ಲಿ ಕೂತರು. ಆಕೆ ದೂರ ಸರಿಯಲಿಲ್ಲ, ಹತ್ತಿರವೂ ಬರಲಿಲ್ಲ.

ಮಗಳು ದಾವೆ ಹೂಡಿ ಕೊನೆಯವರೆಗೂ ನಡೆಸಿದಳು. ನ್ಯಾಯಾಲಯ ಆಸ್ಪತ್ರೆಯನ್ನು ಹೊಣೆ ಮಾಡಿತು, ಆ ತೀರ್ಪಿನ ಬೆನ್ನೆಲುಬು ಮೇಡಂ ನುಡಿದ ಸಾಕ್ಷಿಯೇ ಆಗಿತ್ತು. ಅವರನ್ನು ಹುದ್ದೆಯಿಂದ ಇಳಿಸಿ, ಹೊಸ ಗುಮಾಸ್ತರಿಗೆ ರೋಗಿಗಳ ವಿವರ ತುಂಬಲು ಕಲಿಸುವ ತರಬೇತಿ ಶಾಖೆಗೆ ಹಾಕಿದರು. ಮನೆಯ ಮಾತನ್ನು ಬೀದಿಗೆ ಹಾಕಿದವಳು ಎಂದು ಊಟದ ಕೋಣೆಯಲ್ಲಿ ಕೆಲವರು ಅವರಿದ್ದ ಮೇಜು ತಪ್ಪಿಸಿ ಕೂರತೊಡಗಿದರು. ನಾನು ಅವರೆದುರು ಕೂತಾಗ, "ಸಿಸ್ಟರ್, ನಿಮಗೂ ಅಂಟೀತು, ಜೋಪಾನ," ಎಂದು ನಗಲು ನೋಡಿದರು. ಆ ದಿನಗಳಲ್ಲಿ ಅವರು ಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದರಂತೆ. ಅತ್ತೆಯವರು ಪಕ್ಕದಲ್ಲಿ ಕೂತು, ತುತ್ತು ಬಾಯಿಗೆ ಹೋಗುವ ತನಕ ಏಳುತ್ತಿರಲಿಲ್ಲವೆಂದು ಅವರ ಪತಿ ನನಗೆ ಹೇಳಿದ್ದಾರೆ.

ಆದರೆ ನಾಡಿಯನ್ನು ಅವರು ಕೈಬಿಡಲಿಲ್ಲ. ತರಬೇತಿ ಶಾಖೆಯ ಕೆಲಸ ಮುಗಿದ ಮೇಲೆ, ಬೀಗದಣ್ಣನ ಒಪ್ಪಿಗೆಯಿಂದ, ಅದನ್ನು ಬುಡದಿಂದ ಮತ್ತೆ ಬರೆದರು. ಹೊಸ ನಾಡಿ ತಾನೇ ಆಗಾಗ್ಗೆ ಒಂದು ಸುಳ್ಳು ಕೂಗನ್ನು ದಾರಿಗೆ ಬಿಡುತ್ತದೆ. ಆ ಕೂಗು ತನ್ನ ಕಾವಲಿನ ಕಣ್ಣಿಗೆ ಬಿತ್ತೇ ಎಂದು ನೋಡುತ್ತದೆ. ಬೀಳದಿದ್ದರೆ ಪರದೆ ಬೂದು ಬಣ್ಣಕ್ಕೆ ತಿರುಗಿ, 'ನನಗೆ ಕಾಣಿಸುತ್ತಿಲ್ಲ. ಹಾಸಿಗೆಗಳ ಬಳಿಗೆ ಹೋಗಿ' ಎಂಬ ಎರಡು ಸಾಲು ಬರುತ್ತವೆ. ಈ ಮಾತು ನೋಡಿದರೆ ರೋಗಿಗಳ ಕಡೆಯವರು ಹೆದರುತ್ತಾರೆ, ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ ಎಂದು ಹಾಕಿ ಎಂದು ಮೇಲಿನಿಂದ ಸಲಹೆ ಬಂತು. ಮೇಡಂ, ಆ ಮಾತಿಗೆ ಯಾವ ದಾದಿಯೂ ಕುರ್ಚಿಯಿಂದ ಏಳುವುದಿಲ್ಲ ಎಂದರು. ನಾನೂ ಸಹಿ ಹಾಕಿ ಹಾಗೆಯೇ ಬರೆದುಕೊಟ್ಟೆ. ಎರಡು ಸಾಲು ಉಳಿದವು.

ಇನ್ನೊಂದು ಕಡೆ ಅವರು ಕರ್ನಲ್ ಕಟ್ಟುವವರೊಡನೆ ಪತ್ರ ವ್ಯವಹಾರಕ್ಕಿಳಿದರು. ಅವರಲ್ಲಿ ಆ ಭಾಗವನ್ನು ನೋಡಿಕೊಳ್ಳುತ್ತಿದ್ದವರು ಖಾರದ ಮನುಷ್ಯ. ನೀವು ಮೊಳೆ ಹೊಡೆದಿದ್ದೀರೆಂದು ನಾವು ನಮ್ಮ ಗೋಡೆಯನ್ನು ಅಲುಗಾಡಿಸದೆ ಇರಲಾಗುವುದಿಲ್ಲ ಎಂದು ಮೊದಲ ಉತ್ತರದಲ್ಲೇ ಬರೆದರು. ನಿಮ್ಮ ಮಾತು ಸರಿ ಎಂದು ಮೇಡಂ ಮರು ಉತ್ತರ ಬರೆದರು. ಅಂಥ ಉತ್ತರದ ಅಭ್ಯಾಸ ಆತನಿಗೆ ಇರಲಿಲ್ಲವೆಂದು ಕಾಣುತ್ತದೆ. ಒಳಗಿನದೆಲ್ಲ ನಿಮ್ಮದೇ, ಎಷ್ಟು ಹೊತ್ತು ಕಾಯಬೇಕಾಯಿತು ಎಂಬ ಒಂದೇ ಒಂದು ಅಂಕಿಯನ್ನು ಹೊರಬಾಗಿಲಿನಲ್ಲಿ ಇಡಿ, ಅದನ್ನು ಬದಲಿಸುವುದಿಲ್ಲವೆಂದು ಮಾತು ಕೊಡಿ, ಕೋಡ್ ನಾನೇ ಬರೆದು ಕಳಿಸುತ್ತೇನೆ ಎಂಬುದು ಮೇಡಂ ಅವರ ಬೇಡಿಕೆ. ಕಳಿಸಿದ್ದು ತಿರಸ್ಕೃತವಾಯಿತು. ತಿದ್ದಿ ಕಳಿಸಿದರು, ಅದೂ ಹಿಂದೆ ಬಂತು. ವೇಗ ಕುಗ್ಗುತ್ತದೆ ಎಂದರು ಕರ್ನಲ್‌ನವರು. ಮೇಡಂ ಕುಗ್ಗದಂತೆ ಮಾಡಿ ಕಳಿಸಿದರು. ಇದು ಯಾರಿಗೆ ಬೇಕು ಎಂದರು ಅವರು. ಆಗ ಮೇಡಂ ಭೂಗೋಳದ ಮೇಷ್ಟ್ರ ಮಗಳ ಬಳಿಗೆ ಮತ್ತೆ ಹೋಗಿ, ಒಪ್ಪಿಗೆ ಕೇಳಿ, ಆ ಮಧ್ಯಾಹ್ನ ನಡೆದದ್ದನ್ನು ಯಾವ ಅಲಂಕಾರವೂ ಇಲ್ಲದೆ ಬರೆದು ಕಳಿಸಿದರು. ಕೆಲವು ವಾರ ಉತ್ತರವೇ ಬರಲಿಲ್ಲ. ಕೊನೆಗೆ ಆ ಖಾರದ ಮನುಷ್ಯನಿಂದ ಒಂದೇ ಸಾಲು ಬಂತು: ಒಪ್ಪಿದೆ, ಇದನ್ನು ಇನ್ನು ಮುರಿಯುವುದಿಲ್ಲ. ಆ ಸಾಲನ್ನು ತೋರಿಸಲು ಮೇಡಂ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿಕೊಂಡೇ ಬಂದಿದ್ದರು. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲವಂತೆ.

ಕಾಲಕ್ರಮದಲ್ಲಿ ಹುದ್ದೆ ಮರಳಿ ಬಂತು, ಗೌರವವೂ ಬಂತು. ಊಟದ ಕೋಣೆಯಲ್ಲಿ ಮೇಜು ತಪ್ಪಿಸುತ್ತಿದ್ದವರು ಈಗ ತಟ್ಟೆ ಹಿಡಿದು ಅವರ ಪಕ್ಕ ಜಾಗ ಹುಡುಕುತ್ತಾರೆ. ಕರ್ನಲಿನ ಆ ಸಣ್ಣ ಭಾಗವನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಅದನ್ನು ಕಟ್ಟುವವರೇ ಮೇಡಂ ಅವರಿಗೆ ಒಪ್ಪಿಸಿದ್ದಾರೆ. ಒಳಗಿನವರಾದ ಮೇಲೆ ಒಳಗಿನವರ ಕಷ್ಟವೂ ಅವರಿಗೆ ತಿಳಿಯಿತು. ಒಮ್ಮೆ ಅವರೇ ಒಂದು ಚೆಂದದ ಸುಧಾರಣೆ ಮಾಡಿ, ಎಲ್ಲ ಸಿದ್ಧವಾದ ಮೇಲೆ, ಎಲ್ಲೋ ಒಂದು ಸಣ್ಣ ಪ್ರಯೋಗಾಲಯದ ಹಳೆಯ ಉಪಕರಣ ಅದರಿಂದ ಕುರುಡಾಗುತ್ತದೆಂದು ತಿಳಿದು ತಮ್ಮ ಕೆಲಸವನ್ನು ತಾವೇ ಹಿಂತೆಗೆದುಕೊಂಡರು. ಆ ಪ್ರಯೋಗಾಲಯದವರಿಗೆ ಇದು ಗೊತ್ತೇ ಇಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ನಮ್ಮ ಘಟಕದ ಪರದೆ ಬೂದು ಬಣ್ಣಕ್ಕೆ ತಿರುಗಿತು. ಕರ್ನಲಿನಲ್ಲಿ ಬೇರೆಲ್ಲೋ ಏನೋ ಬದಲಾಗಿತ್ತು. 'ನನಗೆ ಕಾಣಿಸುತ್ತಿಲ್ಲ' ಎಂಬ ಸಾಲು ಬಂದದ್ದೇ ತಡ, ಆ ಹಳೆಯ ಕಥೆಯನ್ನು ಕೇಳಿಯೂ ಇರದ ಹೊಸ ದಾದಿಯರು ಕುರ್ಚಿ ತಳ್ಳಿ ಎದ್ದು ಹಾಸಿಗೆಗೊಬ್ಬರಂತೆ ಹೋಗಿ ನಿಂತರು. ಮೇಡಂ ಮೇಲೆ ಬಂದಾಗ ಮೇಜಿನ ಬಳಿ ಯಾರೂ ಇರಲಿಲ್ಲ. ಎಲ್ಲರೂ ಚೆನ್ನಾಗಿದ್ದಾರಾ ಎಂದು ನನ್ನನ್ನು ಕೇಳಿದರು. ಎಲ್ಲರೂ ಚೆನ್ನಾಗಿದ್ದಾರೆ ಎಂದೆ. ಅವರು ಹೊರಗಿನ ಬೆಂಚಿನ ಮೇಲೆ ಕೂತು ಒಂದು ಲೋಟ ನೀರು ಕೇಳಿದರು. ನಾನು ಪಕ್ಕದಲ್ಲಿ ಕೂತೆ. ಆಮೇಲೆ ಅವರು ಎದ್ದು ಕೆಳಗೆ ಹೋಗಿ ಅದನ್ನು ಸರಿಪಡಿಸಿದರು.

ಇಂಥವರಿಗೆ ವಿಶ್ರಾಂತಿ ಪಡೆಯಿರಿ ಎಂದು ಹಾರೈಸುವುದು ಬಾಯಿಮಾತಾದೀತು. ಬಣ್ಣದ ಪೆಟ್ಟಿಗೆ ಹೊತ್ತು ಜೊತೆಯಲ್ಲಿ ಊರೂರು ಸುತ್ತಬೇಕೆಂದು ಅವರ ಪತಿ ಬಹುಕಾಲದಿಂದ ಕಾದಿದ್ದಾರೆ, ಅದು ನೆರವೇರಲಿ. ಅವರಿಗೆ ದೀರ್ಘವಾದ, ಆರೋಗ್ಯಪೂರ್ಣವಾದ ಆಯುಷ್ಯವಿರಲಿ. ಹೊರಗಿನವರಿಗಾಗಿ ಅವರು ಒಳಗಿನವರೊಡನೆ ಮಾಡುವ ಪತ್ರಜಗಳ ಇನ್ನೂ ಬಹುಕಾಲ ನಡೆಯಲಿ, ಮತ್ತು ಗೆಲ್ಲಲಿ.

ಕೊನೆಯದಾಗಿ ಘಟಕದ ಎಲ್ಲ ದಾದಿಯರ ಪರವಾಗಿ ಒಂದು ಮಾತು. ಮೇಡಂ, ನಿವೃತ್ತಿಯ ದಿನ ನಿಮ್ಮ ಗುರುತಿನ ಕಾರ್ಡನ್ನು ಕಚೇರಿಯವರು ಹಿಂದಕ್ಕೆ ಪಡೆಯುತ್ತಾರೆ. ಮರುದಿನದಿಂದ ನಮ್ಮ ಬಾಗಿಲು ಅದಕ್ಕೆ ತೆರೆಯುವುದಿಲ್ಲ, ನಿಯಮ ಹಾಗಿದೆ. ಪಕ್ಕದಲ್ಲಿ ಗಂಟೆಯಿದೆ, ಅದನ್ನು ಒತ್ತಿ. ನಮ್ಮಲ್ಲಿ ಯಾರಾದರೊಬ್ಬರು ಬಂದು ತೆಗೆಯುತ್ತೇವೆ.